ದಕ್ಷಿಣಕ್ಕೆ ಓಣಿ

ಕ್ರಯಪತ್ರದ ಕೊನೆಯ ಪುಟದಲ್ಲಿ ಮಾರಿದವರ ಸಹಿ, ಕೊಂಡವರ ಸಹಿ, ಸಾಕ್ಷಿಗಳ ಸಹಿ ಎಲ್ಲ ಆದಮೇಲೆ ತಳದಲ್ಲಿ ಒಂದು ಸಣ್ಣ ಸಾಲು ಇರುತ್ತದೆ. ‘ಬಿಕ್ಕಲಂ’ ಎಂದು ಬರೆದು ಪಕ್ಕದಲ್ಲಿ ಪತ್ರ ಬರೆದವನ ಹೆಸರು ಹಾಕಿರುತ್ತಾರೆ. ಈ ಬರಹ ಇಂಥವನದು ಎಂದು ಅದರ ಅರ್ಥ. ಮನೆ ಕೊಳ್ಳುವವರು ಆ ಸಾಲನ್ನು ಓದುವುದಿಲ್ಲ, ಓದುವ ಪ್ರಸಂಗವೂ ಸಾಮಾನ್ಯವಾಗಿ ಬರುವುದಿಲ್ಲ. ನಾನು ಸೊರಬದಲ್ಲಿ ಕೆಲವು ವರ್ಷ, ಶಿಕಾರಿಪುರದಲ್ಲಿ ಬಹಳ ವರ್ಷ ನೋಂದಣಿ ಕಚೇರಿಯ ಎದುರು ಮೇಜು ಹಾಕಿಕೊಂಡು ಪತ್ರ ಬರೆದವನು. ಎಷ್ಟು ಬರೆದೆ ಎಂದು ನೆನಪಿಟ್ಟಿಲ್ಲ. ಆದರೆ ಒಂದು ಪತ್ರದ ಬಿಕ್ಕಲಂ ಸಾಲು ಇವತ್ತಿಗೂ ಮರೆತಿಲ್ಲ.

ಶಿರಾಳಕೊಪ್ಪದಲ್ಲಿ ಖಾನಾವಳಿ ನಡೆಸುವ ಗಿರಿಜಮ್ಮ ಎಂಬ ಹೆಣ್ಣುಮಗಳು ಕೊಂಡ ಮನೆಯ ಪತ್ರ ಅದು. ಆ ಮನೆಗೆ ಇರುವುದು ಒಂದೇ ಬಾಗಿಲು. ಬಾಗಿಲ ಮುಂದಿನ ಓಣಿಯನ್ನು ಬಿಟ್ಟರೆ ರಸ್ತೆಗೆ ಬರಲು ಬೇರೆ ದಾರಿಯಿಲ್ಲ. ಆ ಓಣಿ ಪಕ್ಕದವರ ಸ್ವಂತ ಜಾಗ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ತಪ್ಪಲ್ಲ. ನನಗೆ ಗೊತ್ತಿಲ್ಲದ್ದು ತಪ್ಪು.

ಈಗ ಕಣ್ಣು ಮಂಜಾಗಿ ಮೇಜು ಬಿಟ್ಟು ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದವರು, ಮನೆ ಕೊಳ್ಳಲು ಹೊರಟವರು ಆಗಾಗ ಬಂದು ಕೇಳುತ್ತಾರೆ. ಇಸಿ, ಅಂದರೆ ಋಣಭಾರ ಪತ್ರ, ಎಷ್ಟು ವರ್ಷದ್ದು ತೆಗೆಸಬೇಕು, ಖಾತೆ ಯಾರ ಹೆಸರಲ್ಲಿರಬೇಕು, ಇ-ಸ್ವತ್ತು ಆಗದ ಮನೆ ತೆಗೆದುಕೊಳ್ಳಬಹುದೇ. ಗೊತ್ತಿದ್ದಷ್ಟು ಹೇಳುತ್ತೇನೆ. ಇವೆಲ್ಲ ಕಾಗದ ನೋಡಿದರೆ ಗೊತ್ತಾಗುವ ವಿಷಯ. ಕಾಗದ ನೋಡಿದರೂ ಗೊತ್ತಾಗದ ವಿಷಯವನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ಸೊರಬದ ರುದ್ರಯ್ಯನವರು. ತೆಳ್ಳಗಿನ ಆಳು, ದೊಡ್ಡ ದನಿ. ಅವರ ಪದ್ಧತಿ ನನಗೆ ಮೊದಲ ದಿನದಿಂದಲೂ ಕಿರಿಕಿರಿ. ಪತ್ರದ ಕರಡು ಬರೆದಾದ ಮೇಲೆ ನೇರವಾಗಿ ಕಚೇರಿಗೆ ಹೋಗುವಂತಿಲ್ಲ. ಬಸ್ಸು ಹತ್ತಿ ಆ ಊರಿಗೆ ಹೋಗಬೇಕು. ಮನೆಯ ಮುಂದೆ ನಿಂತು ಚೆಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ಭಾಗವನ್ನು, ಕೂಗಿ ಓದಬೇಕು. ಪೂರ್ವಕ್ಕೆ ಎಂದರೆ ಪೂರ್ವದ ಗೋಡೆಯ ಹತ್ತಿರ ಹೋಗಿ ನಿಂತೇ ಓದಬೇಕು. ಅಲ್ಲಿನ ಪಕ್ಕದ ಮನೆಯವರು ಹೊರಗೆ ಬಂದು ‘ಹೌದು’ ಅನ್ನಬೇಕು. ಆಮೇಲೆ ಪಶ್ಚಿಮ. ಹೀಗೆ ನಾಲ್ಕು ಕಡೆ. ಆ ನಾಲ್ವರಲ್ಲಿ ಒಬ್ಬರನ್ನಾದರೂ ಕಚೇರಿಗೆ ಕರೆತಂದು ಸಾಕ್ಷಿ ಹಾಕಿಸಬೇಕು. ಕಾನೂನಿನಲ್ಲಿ ಇದ್ಯಾವುದೂ ಇಲ್ಲ. ಇಪ್ಪತ್ತೆರಡರ ಹರೆಯದ ನಾನು ಅದನ್ನು ಒಮ್ಮೆ ಅವರಿಗೇ ಹೇಳಿದೆ.

“ಕಾನೂನಿನಲ್ಲಿ ಊಟ ಮಾಡು ಅಂತಾನೂ ಬರ್ದಿಲ್ಲ ಮಾರಾಯ,” ಎಂದರು.

ಒಮ್ಮೆ ಉಳವಿಯಲ್ಲಿ ಒಂದು ಮನೆಯ ವ್ಯಾಪಾರ. ರುದ್ರಯ್ಯನವರು ಹಿತ್ತಲಲ್ಲಿ ನಿಂತು “ಪಶ್ಚಿಮಕ್ಕೆ ಹಿತ್ತಲು, ಅದರಲ್ಲಿರುವ ಬಾವಿ ಸಹಿತ” ಎಂದು ಓದಿದರು. ಬೇಲಿಯಾಚೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ ತಲೆ ಎತ್ತಿದರು.

“ಅಯ್ಯನೋರೆ, ಬಾವಿ ಸಹಿತ ಅಂದ್ರೆ ಎಂತದು? ಅರ್ಧ ಬಾವಿ ನಮ್ದು. ಕಟ್ಟೆ ಕಲ್ಲು ನೋಡಿ, ಹಗ್ಗ ಎರಡೂ ಕಡೆ ತಿಂದಿದೆ.”

ಹೋಗಿ ನೋಡಿದೆವು. ನಿಜ. ಬಾವಿಕಟ್ಟೆಯ ಕಲ್ಲು ಈ ಕಡೆ ಎಷ್ಟು ಸವೆದಿತ್ತೋ ಆ ಕಡೆಯೂ ಅಷ್ಟೇ ಸವೆದಿತ್ತು. ಎರಡು ಮನೆಯವರು ಸೇದಿದ ಬಾವಿ. ಮಾರುವವನು ತಲೆ ಕೆರೆದುಕೊಂಡ. ಅವನೇನು ಮೋಸಗಾರನಲ್ಲ, ಅವನ ಅಪ್ಪನ ಪತ್ರದಲ್ಲಿ ಹಾಗಿತ್ತು, ಅಷ್ಟೇ. ರುದ್ರಯ್ಯನವರು ಅಲ್ಲೇ ಕಟ್ಟೆಯ ಮೇಲೆ ಕೂತು ‘ಬಾವಿಯಲ್ಲಿ ಅರ್ಧ ಹಕ್ಕು ಸಹಿತ’ ಎಂದು ತಿದ್ದಿದರು. ಕೊಳ್ಳುವವನು ಅರ್ಧ ಬಾವಿಗೆ ತಕ್ಕ ಹಾಗೆ ಮಾತಾಡಿ ಮನೆ ತೆಗೆದುಕೊಂಡ. ಆ ಮುದುಕಿಯೇ ಹೆಬ್ಬೆಟ್ಟು ಒತ್ತಿ ಸಾಕ್ಷಿಯಾದರು. ಎರಡು ಮನೆಯವರಿಗೂ ಜಗಳವಾದದ್ದನ್ನು ನಾನು ಕೇಳಿಲ್ಲ.

ರುದ್ರಯ್ಯನವರು ಕೊನೆಗೊಂದು ಪ್ರಶ್ನೆ ಕೇಳುತ್ತಿದ್ದರು. ಅದನ್ನು ಕೇಳಿಸಿಕೊಂಡು ಮುಖ ಗಂಟಿಕ್ಕದವರನ್ನು ನಾನು ನೋಡಿಲ್ಲ. “ಈ ಮನೆಯಿಂದ ವಿಮಾನ ಹೊರಡೋಕೆ ದಾರಿ ಇದೆಯೇನ್ರೀ?” ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರು, ಬಾಳೆಕಂಬ ಕಟ್ಟಿ ಹೂವಿನ ವಿಮಾನ ಮಾಡಿ, ಅದರಲ್ಲಿ ಕೂರಿಸಿ ಹೊತ್ತು ಒಯ್ಯುತ್ತಾರೆ. ಎರಡೂ ಕಡೆ ಹೆಗಲು ಕೊಡುವವರು ಇರಬೇಕು, ಅವರು ನಡೆಯಲು ಜಾಗ ಬೇಕು. ಮನೆ ಕೊಳ್ಳುವ ಶುಭ ದಿನ ಇದೆಂಥ ಮಾತು ಎಂದು ಆನವಟ್ಟಿಯ ಒಬ್ಬ ಯಜಮಾನರು ಎದ್ದೇ ಹೋಗಿದ್ದರು. ರುದ್ರಯ್ಯನವರು ಹಿಂದೆಯೇ ಹೋಗಿ ಹೇಳಿದರು:

“ಹುಟ್ಟಿದ ಕೂಸು ಕಂಕುಳಲ್ಲಿ ಬರ್ತದೆ, ಅದಕ್ಕೆ ದಾರಿ ಎಷ್ಟಿದ್ರೂ ಸಾಕು. ಹೋಗೋರಿಗೆ ಜಾಗ ಬೇಕಲ್ಲ? ವಿಮಾನ ಹೋದ ದಾರೀಲಿ ಮದುವೆ ದಿಬ್ಬಣಾನೂ ಹೋಗ್ತದೆ, ಎತ್ತಿನ ಗಾಡೀನೂ ಹೋಗ್ತದೆ. ಬೇಜಾರು ಮಾಡ್ಕೋಬೇಡಿ, ದಾರಿ ನೋಡ್ಕೊಳಿ.”

ಅವರು ತೀರಿಕೊಂಡ ಮೇಲೆ ನಾನು ಶಿಕಾರಿಪುರಕ್ಕೆ ಬಂದೆ. ಮೊದಲು ಬಿಟ್ಟದ್ದು ಆ ಪ್ರಶ್ನೆಯನ್ನು. ನಾಚಿಕೆ. ಆದರೆ ಸ್ಥಳಕ್ಕೆ ಹೋಗಿ ಓದುವುದನ್ನು ಎಷ್ಟೋ ವರ್ಷ ಬಿಡಲಿಲ್ಲ. ಅದರಿಂದ ಕಲಿತದ್ದು ಬಹಳ. ಮುಂಬಾಗಿಲಿಗೆ ಹೊಳೆಯುವ ಟೈಲ್ಸು ಹಾಕಿ, ಬಚ್ಚಲ ನೀರು ಹೋಗಲು ಒಂದು ಗಟಾರವೂ ಇಲ್ಲದ ಮನೆಗಳನ್ನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಮನೆ ನೋಡಲು ಹೋಗುವವರು ಮಧ್ಯಾಹ್ನ ಊಟ ಮಾಡಿ ಹೋಗುತ್ತಾರೆ, ಮಾರುವವರು ಕೊಟ್ಟ ಚಹಾ ಕುಡಿದು ಬರುತ್ತಾರೆ. ಹಾಗೆ ಮಾಡಬೇಡಿ. ನಲ್ಲಿಯಲ್ಲಿ ನೀರು ಬಿಡುವ ಬೆಳಗಿನ ಹೊತ್ತಿಗೆ ಒಮ್ಮೆ ಹೋಗಿ. ಜೋರು ಮಳೆಯಾದ ಮರುದಿನ ಒಮ್ಮೆ ಹೋಗಿ. ಮಾರುವವರು ಇಲ್ಲದಾಗ ಹೋಗಿ ಪಕ್ಕದ ಮನೆಯವರ ಹತ್ತಿರ ಕುಡಿಯಲು ನೀರು ಕೇಳಿ. ಒಂದು ಲೋಟ ನೀರು ಕುಡಿದು ಮುಗಿಸುವುದರೊಳಗೆ ಆ ಮನೆಯ ಚರಿತ್ರೆ ಅರ್ಧ ಗೊತ್ತಾಗುತ್ತದೆ.

ಆಗ ಒಬ್ಬ ಉಪನೋಂದಣಾಧಿಕಾರಿ ಇದ್ದರು. ಹೆಸರು ಬೇಡ. ಮಾತಿಗೆ ಮುಂಚೆ ರೇಗುವ ಮನುಷ್ಯ, ನಮಗೆಲ್ಲ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಪಿತ್ರಾರ್ಜಿತ ಮನೆ ಮಾರಲು ಬಂದ ಗಂಡಸರನ್ನು ಅವರು ತಲೆ ಎತ್ತದೆ ಕೇಳುತ್ತಿದ್ದರು, “ಅಕ್ಕತಂಗೇರು ಎಷ್ಟು ಜನ? ಅವರೆಲ್ಲಿ?” ಒಮ್ಮೆ ನನ್ನ ಪತ್ರವನ್ನು ಮೇಜಿನಾಚೆ ತಳ್ಳಿ, “ಮನೆ ನೋಡಿ ಬರೀತೀರಂತೆ, ಮನೆ ಮಂದೀನ ನೋಡಿಲ್ವಲ್ರೀ,” ಎಂದರು. ಎಲ್ಲರೆದುರು ಅನ್ನಿಸಿಕೊಂಡು ಹೊರಗೆ ಬಂದೆ. ಮೂರು ದಿನ ಮುಖ ದಪ್ಪ ಮಾಡಿಕೊಂಡಿದ್ದೆ. ಆದರೆ ಅವರು ಹೇಳಿದ್ದು ಸರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಇಲ್ಲದ ಪಿತ್ರಾರ್ಜಿತ ಮನೆಗೆ ಮುಂಗಡ ಕೊಡಬೇಡಿ ಎಂದು ಅಂದಿನಿಂದ ನಾನೂ ಹೇಳತೊಡಗಿದೆ.

ಆಮೇಲೆ ಕಂಪ್ಯೂಟರು ಬಂತು. ಛಾಪಾಕಾಗದದ ಮೇಲೆ ಕೈಯಲ್ಲಿ ಬರೆಯುವುದು ಹೋಯಿತು. ಫೋಟೊ, ಬೆರಳಚ್ಚು ಎಲ್ಲ ಯಂತ್ರದಲ್ಲಿ. ಒಳ್ಳೆಯದೇ ಆಯಿತು, ಒಬ್ಬರ ಬದಲು ಇನ್ನೊಬ್ಬರು ಬಂದು ಹೆಬ್ಬೆಟ್ಟು ಒತ್ತುವ ಕಳ್ಳಾಟ ಕಡಿಮೆಯಾಯಿತು. ಆದರೆ ನಮ್ಮಂಥವರ ಕೈಗೆ ಒಂದು ಸೋಮಾರಿತನ ಬಂತು. ಹಳೆಯ ಪತ್ರದ ಚೆಕ್ಕುಬಂದಿ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಅದನ್ನೆತ್ತಿ ಹೊಸ ಪತ್ರದಲ್ಲಿ ಕೂರಿಸಿದರೆ ಆಯಿತು. ಶಿಕಾರಿಪುರದಲ್ಲಿ ಒಂದು ಮನೆಯ ಪತ್ರದಲ್ಲಿ ‘ಉತ್ತರಕ್ಕೆ ಹುಣಸೆಮರ’ ಎಂದು ಬರೆದಿದ್ದೆ. ರಸ್ತೆ ಅಗಲ ಮಾಡುವಾಗ ಆ ಮರ ಕಡಿದು, ಅದರ ಸೌದೆ ಉರಿದು, ಬೂದಿಯೂ ಹೋಗಿ ಎಷ್ಟೋ ಕಾಲವಾಗಿತ್ತು. ಕೊಂಡವರು ಬಂದು, “ಮಂಜಪ್ಪಾರೆ, ನಮ್ಮ ಹುಣಸೆಮರ ಎಲ್ಲೈತ್ರಿ?” ಎಂದು ಕೇಳಿದಾಗ ಎಲ್ಲರ ಜೊತೆ ನಾನೂ ನಕ್ಕೆ. ನಗಬಾರದಾಗಿತ್ತು.

ಗಿರಿಜಮ್ಮ ನನ್ನ ಮೇಜಿಗೆ ಬಂದದ್ದು ಆ ಕಾಲದಲ್ಲಿ. ಗಂಡ ಇಲ್ಲ. ಶಿರಾಳಕೊಪ್ಪದ ಸಂತೆಗೆ ಬರುವವರಿಗೆ, ಅಂಗಡಿಯವರಿಗೆ ರೊಟ್ಟಿ ಊಟ ಹಾಕಿ ಬದುಕುತ್ತಿದ್ದವರು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಒಲೆ ಹೊತ್ತು ಸಾಕಾಗಿತ್ತು. ಹೊಗೆ ಆಗುತ್ತದೆ ಎಂದು ಒಬ್ಬರು ಬಿಡಿಸಿದರೆ, ಜನ ಜಾಸ್ತಿ ಬರುತ್ತಾರೆ ಎಂದು ಇನ್ನೊಬ್ಬರು ಬಿಡಿಸುತ್ತಿದ್ದರು. “ಯಾರೂ ಏಳು ಅನ್ನದ ಒಂದು ಜಾಗ ಬೇಕ್ರಿ ಅಣ್ಣಾರೆ, ಅಷ್ಟೆ,” ಎಂದರು. ನಾಗರಾಜ ಎಂಬ ಹುಡುಗ, ತೀರಿಕೊಂಡ ತನ್ನಪ್ಪ ಬಸಪ್ಪನವರಿಂದ ಬಂದ ಮನೆಯನ್ನು ಮಾರಲಿಕ್ಕಿದ್ದ. ಒಬ್ಬನೇ ಮಗ, ಬೇರೆ ವಾರಸುದಾರರಿಲ್ಲ. ಖಾತೆ ಸರಿ, ಕಂದಾಯ ಸರಿ, ಇಸಿಯಲ್ಲಿ ಯಾವ ಸಾಲವೂ ಇಲ್ಲ. ಕಾಗದಗಳೆಲ್ಲ ಚೊಕ್ಕ.

ಗಿರಿಜಮ್ಮ ಕೇಳಿದರು, “ನೀವೊಮ್ಮೆ ಬಂದು ಮನಿ ನೋಡ್ತೀರಾ ಅಣ್ಣಾರೆ? ನೀವು ನಿಂತು ಓದ್ತೀರಂತೆ.”

ಅವತ್ತು ನನ್ನ ಮೇಜಿನ ಮುಂದೆ ಆರೇಳು ಜನ ಕಾಯುತ್ತಿದ್ದರು. ಆಷಾಢ ಹಿಡಿಯುವುದಕ್ಕೆ ಎರಡೇ ದಿನ ಇತ್ತು. “ಹಳೇ ಪತ್ರ ಸರಿಯಾಗಿದೆಯಮ್ಮಾ, ನೋಡೋದೇನಿದೆ,” ಎಂದೆ. ಬಸಪ್ಪನವರ ಪಾಲಿನ ಹಳೆಯ ವಿಭಾಗ ಪತ್ರದಲ್ಲಿ ‘ದಕ್ಷಿಣಕ್ಕೆ ಓಣಿ’ ಎಂದಿತ್ತು, ಹಾಗೆಯೇ ಎತ್ತಿ ಹಾಕಿದೆ. ಸಾಕ್ಷಿಗೆ ಕಚೇರಿ ಎದುರಿನ ಚಹಾ ಅಂಗಡಿಯವನು ಒಬ್ಬ, ಪಕ್ಕದ ಮೇಜಿನ ಬರಹಗಾರ ಒಬ್ಬ. ಇಬ್ಬರೂ ಶಿರಾಳಕೊಪ್ಪದ ಆ ಮನೆಯನ್ನು ಕಂಡವರಲ್ಲ. ತಳದಲ್ಲಿ ನನ್ನ ಬಿಕ್ಕಲಂ. ಗಿರಿಜಮ್ಮ ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು.

ಶ್ರಾವಣದಲ್ಲಿ ಹಾಲುಕ್ಕಿಸಿ ಒಲೆ ಹೂಡಿದರು. ದೀಪಾವಳಿಯ ಹೊತ್ತಿಗೆ ಓಣಿಯ ಬಾಯಲ್ಲಿ ಕಲ್ಲುಕಂಬ ಬಂದು ಬಿದ್ದವು. ನೆಡಲು ಕುಳಿ ತೋಡುತ್ತಿದ್ದವರು ಓಣಿಯ ದಕ್ಷಿಣದ ಮನೆಯ ಶಿವಲಿಂಗಪ್ಪನವರು, ಸತ್ತ ಬಸಪ್ಪನವರ ತಮ್ಮ, ನಾಗರಾಜನ ಚಿಕ್ಕಪ್ಪ. ಅವರ ಕೈಯಲ್ಲಿ ಅದೇ ವಿಭಾಗದ ತಮ್ಮ ಪಾಲಿನ ಪುಟ ಇತ್ತು. ಅದರಲ್ಲಿ ಅವರ ಜಾಗದ ಅಳತೆ ಓಣಿಯನ್ನೂ ಸೇರಿಸಿ, ಗಿರಿಜಮ್ಮನವರ ಗೋಡೆಯವರೆಗೆ ಇತ್ತು. ಅಣ್ಣ ಓಡಾಡಲಿ ಎಂದು ತಮ್ಮ ಬಾಯಿಮಾತಿನಲ್ಲಿ ಬಿಟ್ಟ ಜಾಗ ಅದು. ಅಣ್ಣನ ಪಾಲಿನ ಪುಟದಲ್ಲಿ ಬರೆದವನು ಯಾರೋ ಅದನ್ನು ಓಣಿ ಎಂದು ಕರೆದಿದ್ದ. ಅವನೂ ನನ್ನ ಹಾಗೆಯೇ ನೋಡದೆ ಬರೆದವನಿರಬೇಕು.

ಗಿರಿಜಮ್ಮ ಶಿಕಾರಿಪುರಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತರು. ಬೈಯಲಿಲ್ಲ. “ಕಂಬ ನೆಟ್ಟ ಮ್ಯಾಲೆ ನಾನು ಹೆಂಗ ಹೊರಗ ಬರ್ಲಿ, ಹೇಳ್ರಿ,” ಎಂದರು. ನಾನು ಪತ್ರ ತೆಗೆದು ನೋಡಿದೆ. ‘ದಕ್ಷಿಣಕ್ಕೆ ಓಣಿ’. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಆ ಹೊತ್ತು ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಅವರು ಹಿಂತಿರುಗುವ ಬಸ್ಸಿನಲ್ಲೇ ಅವರ ಜೊತೆ ಹೋದೆ. ಓಣಿಯ ಬಾಯಲ್ಲಿ ನಿಂತಾಗ ಎಲ್ಲ ಕಣ್ಣಿಗೆ ಬಿತ್ತು. ಮನೆಯ ಪೂರ್ವಕ್ಕೆ ಗೋದಾಮು, ಪಶ್ಚಿಮಕ್ಕೆ ಇನ್ನೊಬ್ಬರ ಹಿತ್ತಲು, ಉತ್ತರಕ್ಕೆ ಗೋಡೆಗೆ ಗೋಡೆ. ಓಣಿ ಆ ಮನೆಯ ಬಾಗಿಲಿಗೆ ಮುಟ್ಟಿ ಅಲ್ಲಿಗೇ ಮುಗಿಯುತ್ತಿತ್ತು. ಊರಿನ ಓಣಿಯಾಗಿದ್ದರೆ ಹಾಗೆ ಮುಗಿಯುತ್ತಿರಲಿಲ್ಲ. ಐದು ನಿಮಿಷ ನಿಂತಿದ್ದರೆ ಯಾರಿಗಾದರೂ ಸಂಶಯ ಬರುತ್ತಿತ್ತು.

ಶಿವಲಿಂಗಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ.

“ಓ, ನೀವೇನ್ರಿ ಬರಹಗಾರ್ರು? ಬರ್ರಿ. ನನ್ನ ಜಾಗಾನ ಓಣಿ ಅಂತ ಬರ್ದೋರು.”

“ತಪ್ಪಾಗಿದೆ ಯಜಮಾನ್ರೆ.”

“ತಪ್ಪು ಆಮ್ಯಾಲೆ. ಅಣ್ಣನ ಮಗ ಮನಿ ಮಾರಿದ. ನನ್ನ ಕೇಳಿದ್ನಾ? ಇಲ್ಲ. ನೀವು ಬರಿಯಾಕೆ ಕುಂತ್ರಿ. ದಕ್ಷಿಣಕ್ಕ ಯಾರ್ ಅದಾರ ಅಂತ ಒಂದ್ ಮಾತು ಕೇಳಿದ್ರಾ? ಸಾಕ್ಷಿಗೆ ಯಾರನ್ನ ಕರದ್ರಿ? ಚಾದಂಗಡಿಯವನ್ನ. ನಾನು ಸತ್ತಿದ್ನೇನ್ರಿ?” ದನಿ ಏರಲಿಲ್ಲ, ಇಳಿಯಿತು. “ನಮ್ಮಣ್ಣ ಹೋದಾಗ ಈ ಕಡೆ ಮೂರು ಮನಿ ಒಲಿ ಹಚ್ಚಿರ್ಲಿಲ್ಲ, ಹೆಣ ಎದ್ದು ಹೋಗೋತನಕ. ಹಂಗಿದ್ವಿ ನಾವು. ಈಗ ಯಾರೋ ಬಂದಾರ. ನಾಳೆ ನಾನ್ ಸತ್ರೆ ಈಕಿ ಆ ಕಡೆ ರೊಟ್ಟಿ ಬಡ್ಕೋಂತ ಇರ್ತಾಳ.”

ಗಿರಿಜಮ್ಮ ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಜಾಗದ ಆಸೆಗೆ ಶಿವಲಿಂಗಪ್ಪನವರು ಕಂಬ ನೆಡುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ಅವರನ್ನು ಯಾರೂ ಕರೆದಿರಲಿಲ್ಲ. ರುದ್ರಯ್ಯನವರು ಪಕ್ಕದ ಮನೆಯವರನ್ನು ಹೊರಗೆ ಕರೆದು ನಿಲ್ಲಿಸುತ್ತಿದ್ದದ್ದು ಗಡಿ ಗೊತ್ತಾಗಲಿ ಎಂದಷ್ಟೇ ಅಲ್ಲ ಎಂಬುದು ತಿಳಿಯಲು ನನಗೆ ಅಷ್ಟು ವರ್ಷ ಬೇಕಾಯಿತು.

ಶಿವಲಿಂಗಪ್ಪನವರು ಒಂದು ಷರತ್ತು ಹಾಕಿದರು. “ಅದು ಓಣಿ ಅಲ್ಲ, ನನ್ನ ಜಾಗ ಅಂತ ತಿದ್ದುಪಡಿ ಪತ್ರ ಆಗ್ಲಿ. ಬರದಾತ ಸ್ಥಳ ನೋಡದಾ ಬರದಾನ ಅಂತ ಅದರಾಗ ಬರೀರಿ. ನಿಮ್ಮ ಹೆಸರು ಹಾಕಿ ಬರೀರಿ. ದಾರಿ ಮಾತು ಆಮ್ಯಾಲೆ.”

ಶಿಕಾರಿಪುರದ ವಕೀಲರೊಬ್ಬರನ್ನು ಕೇಳಿದೆವು. ಅವರು ತಲೆ ಅಲ್ಲಾಡಿಸಿದರು. “ಓಣಿ ಅಂತ ಇರೋ ಹಳೇ ಪತ್ರವೇ ನಿಮಗೆ ಆಧಾರ. ಅದನ್ನ ನೀವೇ ತಿದ್ದಿ ಕೊಟ್ಟರೆ ಆಮೇಲೆ ಆತ ದಾರಿ ಕೊಡದಿದ್ದರೆ ಕೇಸು ಕಷ್ಟ ಆಗುತ್ತೆ. ಈಗಲೇ ದಾವೆ ಹಾಕೋಣ, ದಾರಿ ಸಿಗಬಹುದು. ಆದರೆ ವರ್ಷಗಟ್ಟಲೆ ಹಿಡಿಯುತ್ತೆ.” ನನ್ನ ಕಡೆ ತಿರುಗಿ, “ನಿಮಗೂ ಹೇಳ್ತೀನಿ, ಹಾಗೆಲ್ಲ ಬರೆದುಕೊಟ್ಟರೆ ನಿಮ್ಮ ಪರವಾನಗಿಗೆ ಕುತ್ತು,” ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ದಾವೆ ಹಾಕೋಣ ಎಂದು ಗಿರಿಜಮ್ಮ ಅಂದರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ಆ ಜಾಗ ಅವರ್ದು ಹೌದೇನ್ರಿ?” ಎಂದು ಗಿರಿಜಮ್ಮ ಕೇಳಿದರು.

“ಅಳತೆ ಪ್ರಕಾರ ಹೌದು.”

“ಹಂಗಾದ್ರೆ ಬರದುಬಿಡ್ರಿ. ಕೋರ್ಟಿನಾಗ ಗೆದ್ದು ದಿನಾ ಅವರ ಮಾರಿ ಮುಂದ ಹಾಯ್ದು ಹೋಗೋದು ನನ್ನ ಕೈಲಾಗಲ್ಲ. ಕೊಡೋದಿದ್ರೆ ಕೊಡ್ತಾರ. ಇಲ್ಲಂದ್ರೆ ಮತ್ತ ಒಲಿ ಹೊತ್ಗೊಂಡು ಹೋಗ್ತೀನಿ, ನನಗ ರೂಢಿ ಐತೆ.”

ಕಷ್ಟಪಟ್ಟು ಕೊಂಡ ಮನೆಯನ್ನು ಪಣಕ್ಕಿಟ್ಟು ಆ ಹೆಣ್ಣುಮಗಳು ಅಷ್ಟು ಹೇಳಿದ ಮೇಲೆ ನನ್ನ ಪರವಾನಗಿಯ ಚಿಂತೆ ನನಗೇ ಅಸಹ್ಯವಾಯಿತು. ನಾಗರಾಜನನ್ನು ಕರೆಸಿ, ತಿದ್ದುಪಡಿ ಪತ್ರದ ಕರಡನ್ನು ಕಂಪ್ಯೂಟರಿಗೆ ಕೊಡದೆ ಕೈಯಲ್ಲೇ ಬರೆದೆ. ‘ಈ ಹಿಂದಿನ ಪತ್ರವನ್ನು ಬರೆದ ನಾನು ಸ್ಥಳವನ್ನು ನೋಡದೆ, ಬಾಜೂದಾರರನ್ನು ವಿಚಾರಿಸದೆ ಬರೆದ ಕಾರಣ ಚೆಕ್ಕುಬಂದಿಯಲ್ಲಿ ತಪ್ಪಾಗಿದ್ದು’ ಎಂಬ ಸಾಲನ್ನೂ ಸೇರಿಸಿ ನನ್ನ ಹೆಸರು ಹಾಕಿದೆ. ಇವತ್ತಿಗೂ ಯಾರು ಬೇಕಾದರೂ ನಕಲು ತೆಗೆಸಿ ಓದಬಹುದು.

ಕರಡನ್ನು ಹಿಡಿದು ಮತ್ತೆ ಶಿರಾಳಕೊಪ್ಪಕ್ಕೆ ಹೋದೆ. ಈ ಸಲ ನಾಲ್ಕೂ ಕಡೆ ನಿಂತು ಓದಿದೆ. ಗೋದಾಮಿನವರು ಬಂದು ಹೌದೆಂದರು, ಹಿತ್ತಲಿನವರು ಹೌದೆಂದರು, ಉತ್ತರದವರು ಹೌದೆಂದರು. ಕೊನೆಗೆ ಓಣಿಯಲ್ಲಿ ನಿಂತು “ದಕ್ಷಿಣಕ್ಕೆ ಶಿವಲಿಂಗಪ್ಪನವರ ಸ್ವಂತ ಜಾಗ” ಎಂದು ಓದಿ, ನನ್ನ ತಪ್ಪಿನ ಸಾಲನ್ನೂ ಎಲ್ಲರೆದುರು ಓದಿದೆ. ಶಿವಲಿಂಗಪ್ಪನವರು ಕಾಗದ ಇಸಿದುಕೊಂಡು ತಾವೇ ಮತ್ತೊಮ್ಮೆ ಓದಿದರು. ಮಡಚಿ ನನ್ನ ಕೈಗೇ ಕೊಟ್ಟರು.

“ಆತು. ಮೂರಡಿ ದಾರಿ ಬಿಡ್ತೀನಿ. ಒಬ್ರು ಹೋಗಿ ಬರಾಕೆ ಸಾಕು.”

ನಾಗರಾಜ ನಿಟ್ಟುಸಿರು ಬಿಟ್ಟ. ಗಿರಿಜಮ್ಮ ಕೈ ಮುಗಿದರು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಾನು ಎಷ್ಟೋ ವರ್ಷ ನಾಚಿಕೆಯಿಂದ ನುಂಗಿಕೊಂಡಿದ್ದ ಆ ಪ್ರಶ್ನೆ ಬಾಯಿಗೆ ಬಂತು.

“ಯಜಮಾನ್ರೆ, ಸಿಟ್ಟಾಗಬೇಡಿ. ನಿಮ್ಮಣ್ಣ ತೀರ್ಕೊಂಡಿದ್ದು ಇದೇ ಮನೇಲಲ್ಲವೇ? ಅವರ ವಿಮಾನ ಯಾವ ದಾರೀಲಿ ಹೋಯ್ತು?”

ಶಿವಲಿಂಗಪ್ಪನವರು ನನ್ನನ್ನು ನೋಡಿದರು, ಆಮೇಲೆ ಆ ಬಾಗಿಲನ್ನು ನೋಡಿದರು. ಎದ್ದು ನಿಧಾನವಾಗಿ ಓಣಿಯೊಳಗೆ ನಡೆದರು. ತಮ್ಮ ಮನೆಯ ಗೋಡೆಗೆ ಬಲಭುಜ ತಾಗುವ ಹಾಗೆ ನಿಂತರು.

“ನಾನು ಈ ಕಡೆ ಹೆಗಲು ಕೊಟ್ಟಿದ್ದೆ,” ಎಂದರು. “ಈ ಗ್ವಾಡಿ ನನ್ನ ತೋಳು ತರಚಿತ್ತು.” ಎದುರಿನ ಗೋಡೆ ತೋರಿಸಿದರು. “ಆ ಕಡೆ ನಾಗ ಇದ್ದ. ಏ ನಾಗ, ನಿಂದ್ರು ಅಲ್ಲಿ.”

ನಾಗರಾಜ ಹೋಗಿ ಎದುರಿನ ಗೋಡೆಗೆ ಒತ್ತಿ ನಿಂತ. ಚಿಕ್ಕಪ್ಪನೂ ಅಣ್ಣನ ಮಗನೂ ನಡುವೆ ಆ ಖಾಲಿ ಜಾಗ ಬಿಟ್ಟುಕೊಂಡು ಮುಖ ಮುಖ ನೋಡಿದರು. ನಾಗರಾಜ ಅಳಲಿಕ್ಕೆ ಶುರು ಮಾಡಿದ. “ಕೇಳದಾ ಮಾರಬಾರ್ದಿತ್ತು ಚಿಗಪ್ಪ,” ಎಂದ. ಶಿವಲಿಂಗಪ್ಪನವರು ನನಗೆ ಹೇಳಿದರು:

“ಇಷ್ಟೂ ಬರ್ಕೊಳ್ರಿ. ಈ ಗ್ವಾಡಿಯಿಂದ ಆ ಗ್ವಾಡಿತನಕ. ಜಾಗ ನಂದು, ದಾರಿ ಆಕಿದು.”

ತಿದ್ದುಪಡಿ ಪತ್ರವೂ ಆಯಿತು, ದಾರಿಯ ಹಕ್ಕಿನ ಪತ್ರವೂ ಬೇರೆಯಾಗಿ ನೋಂದಣಿಯಾಯಿತು. ಎರಡಕ್ಕೂ ಗೋದಾಮಿನವರು ಮತ್ತು ಹಿತ್ತಲಿನವರು ಸಾಕ್ಷಿ. ಚಹಾ ಅಂಗಡಿಯವನು “ನನ್ನ ಕರೀಲೇ ಇಲ್ಲ” ಎಂದು ಮುನಿಸಿಕೊಂಡ. ನನ್ನ ಪರವಾನಗಿಗೆ ಏನೂ ಆಗಲಿಲ್ಲ, ಆದರೆ ಕೆಲವು ಗಿರಾಕಿಗಳು ಪಕ್ಕದ ಮೇಜಿಗೆ ಹೋದರು. ಹೋಗಲಿ ಬಿಡಿ. ಮೇಜು ಬಿಡುವವರೆಗೂ ಆಮೇಲೆ ನಾನು ಸ್ಥಳ ನೋಡದೆ ಬರೆಯಲಿಲ್ಲ. ಮುಖ ಗಂಟಿಕ್ಕಿದರೂ ಸರಿ, ವಿಮಾನದ ಪ್ರಶ್ನೆ ಕೇಳುವುದನ್ನೂ ಬಿಡಲಿಲ್ಲ.

ಈಗ ಕೊಳ್ಳುವವರೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆ, ನಕ್ಷೆಯಲ್ಲಿ ಮನೆಯ ಚಾವಣಿ ಕಾಣುತ್ತದೆ. ಬರಹಗಾರ ಇರುತ್ತಾನೋ ಇಲ್ಲವೋ ಗೊತ್ತಿಲ್ಲ. ಇರಲಿ, ಇಲ್ಲದಿರಲಿ, ಚೆಕ್ಕುಬಂದಿಯ ನಾಲ್ಕು ಸಾಲನ್ನು ಹಿಡಿದುಕೊಂಡು ಆ ಮನೆಯ ಸುತ್ತ ಒಮ್ಮೆ ಬನ್ನಿ. ಪತ್ರದಲ್ಲಿ ರಸ್ತೆ ಅಂತಿದ್ದರೆ ಯಾರ ರಸ್ತೆ ಎಂದು ಕೇಳಿ. ದಾರಿ ಅಂತಿದ್ದರೆ ಎಷ್ಟು ಅಗಲ, ಯಾರ ಜಾಗದಲ್ಲಿ, ಯಾವ ಪತ್ರದಲ್ಲಿ ಎಂದು ಕೇಳಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ. ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದವರಿಗೆ ಮನೆ ಕೊಳ್ಳುವವರ ಪಾಡು ಗೊತ್ತಿರಲಿಕ್ಕಿಲ್ಲ.

ಕೆಲವು ವರ್ಷಗಳಾದ ಮೇಲೆ ಶಿವಲಿಂಗಪ್ಪನವರು ತಮ್ಮ ಮನೆಯ ಮುಂದೆ ರಸ್ತೆಯ ಕಡೆಗೆ ಅಂಗಡಿ ಮಳಿಗೆ ಕಟ್ಟಿಸಿದರು. ಒಳಗೆ ಹೋಗಲು ನಡುವೆ ಒಂದು ಸಂದಿ ಬಿಟ್ಟಿದ್ದರು, ಒಬ್ಬರು ಹಾಯುವಷ್ಟು. ಒಮ್ಮೆ ಆ ಕಡೆ ಹೋದಾಗ “ನಿಮ್ಮ ಮನೆಗೆ ಇಷ್ಟೇ ದಾರೀನಾ?” ಎಂದು ಕೇಳಿದೆ. ನಕ್ಕರು. “ನನಗ ಓಣಿ ಐತಲ್ರಿ. ಹಿತ್ತಲ ಬಾಗಲು ಅದಕ್ಕ ಐತೆ.” ಅದನ್ನು ಓಣಿ ಎಂದು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಕಳೆದ ವರ್ಷ ಅವರು ಹೋದ ಸುದ್ದಿ ಬಂದಾಗ ಬೆಳಗಿನ ಬಸ್ಸಿಗೆ ಹೋದೆ. ಸಂತೆಯ ದಿನ. ಗಿರಿಜಮ್ಮನವರಿಗೆ ವಾರದಲ್ಲಿ ಹೆಚ್ಚು ಜನ ಬರುವ ದಿನ. ಮುಂದಿನ ಸಂದಿಯಲ್ಲಿ ವಿಮಾನ ಹಿಡಿಸಲಿಲ್ಲ, ಹಿತ್ತಲ ಬಾಗಿಲಿನಿಂದ ಓಣಿಗೆ ಇಳಿಸಿದರು. ಒಂದು ಕಡೆ ನಾಗರಾಜ ಹೆಗಲು ಕೊಟ್ಟಿದ್ದ. ಗೋಡೆಯಿಂದ ಗೋಡೆಗೆ ಸರಿಯಾಗಿ ಹಿಡಿಸಿತು. ಗಿರಿಜಮ್ಮ ತಮ್ಮ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದರು. ಊಟಕ್ಕೆ ಬಂದಿದ್ದ ನಾಲ್ಕಾರು ಜನ ಓಣಿಯ ಬಾಯಲ್ಲಿ ಸುಮ್ಮನೆ ಕಾಯುತ್ತಿದ್ದರು. ನಾನು ವಿಮಾನದ ಹಿಂದೆ ನಡೆಯುತ್ತಾ ಅವರ ತೆರೆದ ಬಾಗಿಲಿನೊಳಗೆ ನೋಡಿದೆ. ಹಿಟ್ಟಿನ ಡಬ್ಬಿ ಮುಚ್ಚಿತ್ತು. ರೊಟ್ಟಿ ಬಡಿಯುವ ಕಲ್ಲನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಒಲೆ ಹಚ್ಚಿರಲಿಲ್ಲ.